ಮುಚ್ಚಳಿಕೆ ಬರೆಯುವ ಮೊದಲು: ಕಾಲೇಜಿನ ಶಿಸ್ತು ಕ್ರಮ, ಹಂತ ಹಂತವಾಗಿ

ಪ್ಯೂನ್ ಕ್ಲಾಸಿನ ಬಾಗಿಲಿಗೆ ಬಂದು ಹೆಸರು ಕೂಗುತ್ತಾನೆ. "ಪ್ರಿನ್ಸಿಪಾಲ್ ಸರ್ ಕರಿಯಾಕತ್ತಾರ, ಲಗೂನ ಬಾ." ಹುಡುಗ ಚೇಂಬರ್‌ಗೆ ಹೋದರೆ ಮೇಜಿನ ಮೇಲೆ ಒಂದು ಬಿಳಿ ಹಾಳೆ, ಪಕ್ಕದಲ್ಲೊಂದು ಪೆನ್ನು. "ಮುಚ್ಚಳಿಕೆ ಬರದ್ ಕೊಟ್ಟ್ ಹೋಗು." ತಪ್ಪು ಒಪ್ಪಿಕೊಂಡು, ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಅನ್ನುವ ಆ ಕಾಗದವನ್ನು ಅವನು ಬರೆಯುತ್ತಾನೆ. ಬರೆದರೆ ಮುಗೀತು ಅಂದುಕೊಳ್ಳುತ್ತಾನೆ. ಅಸಲಿಗೆ ಕೇಸು ಶುರುವಾಗುವುದೇ ಆ ಹಾಳೆಯಿಂದ.

ನಾನು ಗದಗ, ಧಾರವಾಡ ಕಡೆಯ ಡಿಗ್ರಿ ಕಾಲೇಜುಗಳಲ್ಲಿ ಪಾಠ ಮಾಡಿದವನು. ಶಿಸ್ತು ಸಮಿತಿಯಲ್ಲಿ ಮೇಜಿನ ಆ ಬದಿಗೆ ವರ್ಷಗಟ್ಟಲೆ ಕೂತಿದ್ದೇನೆ. ಆಮೇಲೆ ನಮ್ಮ ತಂಗಿಯ ಮಗನದೇ ಒಂದು ಕೇಸಾಗಿ, ಪಾಲಕರ ಕುರ್ಚಿಯಲ್ಲೂ ಕೂತೆ. ಎರಡೂ ಬದಿ ನೋಡಿದ ಮೇಲೆ ಹೇಳುತ್ತಿದ್ದೇನೆ: ಸಮಿತಿಯವರು ಮುಖ ನೋಡಿ ತೀರ್ಮಾನ ಮಾಡುವುದು ಕಡಿಮೆ, ಕಾಗದ ನೋಡಿ ಮಾಡುವುದೇ ಜಾಸ್ತಿ. ಆ ಫೈಲಿನಲ್ಲಿ ವಿದ್ಯಾರ್ಥಿಯ ಕೈಬರಹದ ಕಾಗದ ಯಾವುದಿದೆ ಅನ್ನುವುದರ ಮೇಲೆ ಮುಂದಿನದು ನಿಂತಿರುತ್ತದೆ.

ಹಂತ 1: ಮೊದಲ ಅರ್ಧ ಗಂಟೆ

ಒಂದು ಘಟನೆ ಹೇಳುತ್ತೇನೆ. ಕಾಲೇಜಿನ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಮುಗಿದ ಮರುದಿನ ಎರಡು ಗುಂಪುಗಳ ನಡುವೆ ಜಗಳ ಆಯಿತು. ನೋಟಿಸ್ ಬೋರ್ಡಿನ ಗಾಜು ಒಡೆಯಿತು. ಐದು ಹುಡುಗರನ್ನು ಕರೆಸಿದರು, ಐವರೂ ಮುಚ್ಚಳಿಕೆ ಬರೆದುಕೊಟ್ಟರು. ಎರಡು ವಾರ ಬಿಟ್ಟು ಫೈಲು ನಮ್ಮ ಸಮಿತಿಗೆ ಬಂತು. ಐದೂ ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಐದರಲ್ಲೂ ಅದೇ ನಾಲ್ಕು ಸಾಲು: "ನಾವು ಐದೂ ಜನ ಸೇರಿ ಗಾಜು ಒಡೆದಿದ್ದು ನಿಜ." ಐದರಲ್ಲೂ "ಕ್ಷಮೆ" ಅನ್ನುವುದು "ಕ್ಷೆಮೆ" ಆಗಿತ್ತು. ಯಾರೋ ಒಂದು ಮಾದರಿ ಬರೆದು ತೋರಿಸಿದ್ದಾರೆ, ಐವರೂ ನೋಡಿ ಇಳಿಸಿದ್ದಾರೆ!

ಅವರಲ್ಲಿ ಒಬ್ಬ ಕುಂದಗೋಳ ಕಡೆಯಿಂದ ದಿನಾ ಬಸ್ಸಿಗೆ ಬರುವ ಬಿ.ಕಾಂ. ಹುಡುಗ. "ನಾ ಅಲ್ಲಿ ಇದ್ದೇ ಇಲ್ರೀ ಸರ್, ಲೈಬ್ರರಿಯೊಳಗ ಇದ್ನಿ" ಅಂದ. "ಮತ್ಯಾಕ್ ಬರದ್ ಕೊಟ್ಟಿ ತಮ್ಮಾ?" "ಬರದ್ರ ಬಿಡ್ತೇವಿ ಅಂದ್ರ್ರೀ." ರೀಡಿಂಗ್ ರೂಮಿನ ರಿಜಿಸ್ಟರ್ ತರಿಸಿದೆವು. ಒಳಗೆ ಬಂದದ್ದು 11.20, ಹೊರಗೆ ಹೋದದ್ದು 12.40, ಅವನದೇ ಸಹಿ. ಜಗಳ ಆಗಿದ್ದು 12 ಗಂಟೆಗೆ. ಆದರೂ ಸಮಿತಿಯ ಇಬ್ಬರು ಕೊನೆಯ ತನಕ ಕೇಳಿದ್ದು ಒಂದೇ ಪ್ರಶ್ನೆ: "ತಾನೇ ಬರೆದುಕೊಟ್ಟಿದ್ದಾನಲ್ಲ?"

ಹಾಗಾಗಿ ಹಾಳೆ ಮುಂದೆ ಬಂದಾಗ ಮೊದಲು ಉಸಿರು ಬಿಡಿ. ಜಗಳಕ್ಕೆ ಇಳಿಯಬೇಡಿ, ಎದ್ದು ಹೋಗಬೇಡಿ, ಮೊಬೈಲಿನಲ್ಲಿ ಗುಟ್ಟಾಗಿ ರೆಕಾರ್ಡ್ ಮಾಡುವ ಶಾಣ್ಯಾತನವೂ ಬೇಡ. ಮೃದುವಾಗಿ ಇಷ್ಟು ಹೇಳಿ: "ಸರ್, ಆರೋಪ ಏನು ಅಂತ ಬರೆದು ಕೊಡ್ರಿ. ಮನೆಯವರ ಜೊತೆ ಮಾತಾಡಿ ನಾಳೆನೇ ಉತ್ತರ ಕೊಡ್ತೀನಿ." ಹೆಚ್ಚಿನ ಪ್ರಾಂಶುಪಾಲರು ಇದಕ್ಕೆ ಒಪ್ಪುತ್ತಾರೆ. ಒಪ್ಪದೆ, ಬರೆದೇ ಹೋಗಬೇಕು ಅಂದರೆ, ಬರೆಯಿರಿ. ಆದರೆ ನಿಮ್ಮ ಮಾತಿನಲ್ಲಿ ಬರೆಯಿರಿ. ಉದಾಹರಣೆಗೆ:

"ಈ ದಿನ ಮಧ್ಯಾಹ್ನ 1.15ಕ್ಕೆ ನನ್ನನ್ನು ಪ್ರಾಂಶುಪಾಲರ ಕೊಠಡಿಗೆ ಕರೆಸಿ ನಿನ್ನೆಯ ಜಗಳದ ಬಗ್ಗೆ ಕೇಳಿದರು. 12 ಗಂಟೆಗೆ ನಾನು ಲೈಬ್ರರಿಯಲ್ಲಿ ಇದ್ದೆ. ನನ್ನ ಮೇಲಿನ ಆರೋಪವನ್ನು ಬರಹದಲ್ಲಿ ಕೊಟ್ಟರೆ ಪಾಲಕರೊಂದಿಗೆ ಚರ್ಚಿಸಿ ಪೂರ್ಣ ಉತ್ತರ ಕೊಡುತ್ತೇನೆ."

ಕೆಳಗೆ ತಾರೀಖು, ವೇಳೆ, ಸಹಿ. ತಾರೀಖಿನ ಜೊತೆ ವೇಳೆಯನ್ನೂ ಹಾಕುವುದು ಮುಖ್ಯ.

ತಪ್ಪು ಮಾಡಿದ್ದರೆ? ಮಾಡಿದ್ದನ್ನು ಮಾಡಿಲ್ಲ ಅನ್ನಬೇಡಿ. ಸಿಸಿಟಿವಿ ಇರುವ ಕಾಲ ಇದು, ಸುಳ್ಳು ಸಿಕ್ಕಿಬಿದ್ದರೆ ಗಾಜಿಗಿಂತ ದೊಡ್ಡ ಕೇಸಾಗುತ್ತದೆ. ಆದರೆ ನಿಮ್ಮ ಪಾಲಿನದನ್ನು ಮಾತ್ರ ಬರೆಯಿರಿ. "ನಾನು ಅವನನ್ನು ತಳ್ಳಿದೆ" ಅನ್ನುವುದು ಬೇರೆ, "ನಾವೆಲ್ಲ ಸೇರಿ ಹೊಡೆದೆವು" ಅನ್ನುವುದು ಬೇರೆ. ಎರಡನೆಯದರಲ್ಲಿ ಗೆಳೆಯರೆಲ್ಲ ಮಾಡಿದ್ದೂ ನಿಮ್ಮ ತಲೆಗೆ ಬರುತ್ತದೆ.

ಮುಚ್ಚಳಿಕೆಯೇ ಕೆಟ್ಟದ್ದು ಅಂತಲ್ಲ. ಸಣ್ಣ ತಪ್ಪಿಗೆ "ಇನ್ನು ಮುಂದೆ ಹೀಗೆ ಮಾಡುವುದಿಲ್ಲ" ಅಂತ ಬರೆದು ಅಲ್ಲಿಗೇ ಮುಗಿಸುವುದು ಎಷ್ಟೋ ಸಲ ಜಾಣತನ. ಏನು ಬರೆದಿರಿ ಅನ್ನುವುದರ ಫೋಟೋ ನಿಮ್ಮ ಹತ್ತಿರ ಇರಲಿ, ಅಷ್ಟೆ.

ಹಂತ 2: ನಿಮ್ಮದು ಯಾವ ದಾರಿಯ ಕೇಸು?

ಜನ "ಕಾಲೇಜಿನವರು ಕ್ರಮ ತಗೊಂಡರು" ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಒಳಗೆ ದಾರಿಗಳು ಬೇರೆ ಬೇರೆ ಇವೆ. ತಪ್ಪು ಬಾಗಿಲು ತಟ್ಟಿದರೆ ತಿಂಗಳು ಹೋಗುತ್ತದೆ.

ಜಗಳ, ವಸ್ತು ಹಾಳು ಮಾಡಿದ್ದು, ಪ್ರಾಕ್ಸಿ ಹಾಜರಿ, ಮೇಷ್ಟ್ರಿಗೆ ಎದುರು ಮಾತಾಡಿದ್ದು, ಇವೆಲ್ಲ ಕಾಲೇಜಿನ ಶಿಸ್ತು ಸಮಿತಿಗೆ. ಸೆಮಿಸ್ಟರ್ ಪರೀಕ್ಷೆಯಲ್ಲಿ ಚೀಟಿ ಸಿಕ್ಕಿದ್ದು ವಿಶ್ವವಿದ್ಯಾಲಯಕ್ಕೆ. ಸ್ವಾಯತ್ತ ಕಾಲೇಜಾದರೆ ಅವರದೇ ಪರೀಕ್ಷಾ ವಿಭಾಗಕ್ಕೆ. ರ‍್ಯಾಗಿಂಗ್ ಆದರೆ ರ‍್ಯಾಗಿಂಗ್ ತಡೆ ಸಮಿತಿ. ಲೈಂಗಿಕ ಕಿರುಕುಳ ಆದರೆ ಆಂತರಿಕ ದೂರು ಸಮಿತಿ, ಅಲ್ಲಿ ಪ್ರಾಂಶುಪಾಲರೂ ಮಧ್ಯೆ ಕೈ ಹಾಕುವಂತಿಲ್ಲ. ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್ಲಿನ ಗಲಾಟೆಗೆ ವಾರ್ಡನ್ ಮತ್ತು ಇಲಾಖೆ. ಹಾಸ್ಟೆಲ್ಲಿನಿಂದ ತೆಗೆದರು ಅಂದ ಮಾತ್ರಕ್ಕೆ ಕಾಲೇಜಿನಿಂದ ತೆಗೆದ ಹಾಗಲ್ಲ. ಎಷ್ಟೋ ಮಕ್ಕಳು ಇದು ಗೊತ್ತಿಲ್ಲದೆ ಗಂಟು ಕಟ್ಟಿಕೊಂಡು ಊರಿಗೆ ಹೋಗಿಬಿಡುತ್ತಾರೆ.

ಹಾಜರಿ 75 ಪರ್ಸೆಂಟ್ ಇಲ್ಲ ಅಂತ ಪರೀಕ್ಷೆಗೆ ಕೂರಿಸದಿರುವುದು ಶಿಸ್ತು ಕ್ರಮವೇ ಅಲ್ಲ. ಅದು ಪರೀಕ್ಷಾ ನಿಯಮ. ಅದಕ್ಕೆ ಕ್ಷಮಾಪಣೆ ಪತ್ರ ಬರೆದು ಉಪಯೋಗವಿಲ್ಲ, ಆಸ್ಪತ್ರೆಯ ಕಾಗದ ಇದ್ದರೆ ವಿನಾಯಿತಿ ಕೇಳಬೇಕು.

ಇನ್ನು ಮೇಲಿನವರು ಯಾರು ಅನ್ನುವುದು. ನಮ್ಮ ಕಡೆ ಇದರಲ್ಲಿ ಗೊಂದಲ ಜಾಸ್ತಿ. ಧಾರವಾಡದಲ್ಲಿ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಅಂದರೆ ಸಾಮಾನ್ಯವಾಗಿ ಕರ್ನಾಟಕ ವಿಶ್ವವಿದ್ಯಾಲಯ. ಹಾವೇರಿ ಜಿಲ್ಲೆಗೆ ತನ್ನದೇ ವಿಶ್ವವಿದ್ಯಾಲಯ ಆಗಿದೆ. ಕಾನೂನು ಓದುವವರಿಗೆ ಹುಬ್ಬಳ್ಳಿ ನವನಗರದ ಕಾನೂನು ವಿಶ್ವವಿದ್ಯಾಲಯ. ಇಂಜಿನಿಯರಿಂಗ್ ಬಹುತೇಕ ಬೆಳಗಾವಿಯ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ), ನರ್ಸಿಂಗ್ ಮತ್ತು ಮೆಡಿಕಲ್ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ತಲೆ ಕೆಡಿಸಿಕೊಳ್ಳಬೇಡಿ, ಮಾರ್ಕ್ಸ್ ಕಾರ್ಡಿನ ತಲೆಯ ಮೇಲೆ ಯಾರ ಹೆಸರಿದೆಯೋ ಅವರೇ ನಿಮ್ಮ ಮೇಲಿನವರು.

ಹಂತ 3: ನೋಟಿಸ್ ಬಂತು, ಏನು ನೋಡಬೇಕು

ಬಾಯಿಮಾತಿನಲ್ಲಿ "ನಾಳೆಯಿಂದ ಬರಬೇಡ" ಅನ್ನುವುದು ನೋಟಿಸ್ ಅಲ್ಲ. ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಹೆಸರು ಹಾಕುವುದೂ ಅಲ್ಲ. ಕಾರಣ ಕೇಳುವ ನೋಟಿಸ್, ಅಂದರೆ ಶೋಕಾಸ್, ಕಾಗದದಲ್ಲಿ ಬರಬೇಕು. ಅದರ ಮೇಲೆ ಜಾವಕ ನಂಬರು (ಆಫೀಸಿನಿಂದ ಹೊರಗೆ ಹೋಗುವ ಪತ್ರದ ನಂಬರು), ತಾರೀಖು ಇರಬೇಕು. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಏನು ಮಾಡಿದೆ ಅನ್ನುವುದು ಬಿಡಿಸಿ ಹೇಳಿರಬೇಕು. ಉತ್ತರಕ್ಕೆ ಎಷ್ಟು ದಿನ ಅನ್ನುವುದೂ ಇರಬೇಕು. "ನಿನ್ನ ನಡತೆ ಸರಿ ಇಲ್ಲ" ಅಂತ ಮಾತ್ರ ಬರೆದಿದ್ದರೆ ಅದಕ್ಕೆ ಉತ್ತರ ಕೊಡಲು ಯಾರಿಂದಲೂ ಆಗುವುದಿಲ್ಲ. "ಯಾವ ಘಟನೆ ಅಂತ ತಿಳಿಸಿ" ಅಂತ ತಿರುಗಿ ಕೇಳಬಹುದು, ಕೇಳಬೇಕು.

ವಿಚಾರಣೆ ಮುಗಿಯುವ ತನಕ ಸಸ್ಪೆಂಡ್ ಮಾಡುವುದುಂಟು. ಅದು ಶಿಕ್ಷೆ ಅಲ್ಲ, ತಾತ್ಕಾಲಿಕ. ಆದರೆ ತಾತ್ಕಾಲಿಕ ಅಂತ ಹೇಳಿ ತಿಂಗಳುಗಟ್ಟಲೆ ಎಳೆದರೆ ಅದೇ ಶಿಕ್ಷೆ ಆಗುತ್ತದೆ, ಅಲ್ವಾ? ಆದ್ದರಿಂದ ಸಸ್ಪೆಂಡ್ ಆದ ದಿನವೇ ಒಂದು ಅರ್ಜಿ ಕೊಡಿ: ವಿಚಾರಣೆ ಬೇಗ ಮುಗಿಸಬೇಕು, ಈ ದಿನಗಳ ಹಾಜರಿ ಹೇಗೆ ಲೆಕ್ಕ ಹಾಕುತ್ತೀರಿ ತಿಳಿಸಬೇಕು, ಇಂಟರ್ನಲ್ ಟೆಸ್ಟ್ ಇದ್ದರೆ ಬರೆಯಲು ಬಿಡಬೇಕು.

ಅದೇ ದಿನ ಕೊಡಬೇಕಾದ ಇನ್ನೊಂದು ಅರ್ಜಿ ಸಿಸಿಟಿವಿಗೆ. ಕಾಲೇಜಿನ ಕ್ಯಾಮೆರಾದ ಡಬ್ಬಿಯಲ್ಲಿ ಜಾಗ ತುಂಬಿದ ಕೂಡಲೇ ಹಳೆಯದರ ಮೇಲೆ ಹೊಸದು ಬೀಳುತ್ತದೆ. ಸಮಿತಿ ಕೂರುವ ಹೊತ್ತಿಗೆ ನಿಮ್ಮನ್ನು ಉಳಿಸಬಹುದಾಗಿದ್ದ ದೃಶ್ಯ ಅಳಿಸಿಹೋಗಿರುತ್ತದೆ. "ಇಂಥ ತಾರೀಖಿನ 11.30ರಿಂದ 12.30ರ ತನಕದ, ಕ್ಯಾಂಟೀನ್ ಎದುರಿನ ಕ್ಯಾಮೆರಾದ ದೃಶ್ಯ ಕಾಯ್ದಿರಿಸಬೇಕು" ಅಂತ ಎರಡೇ ಸಾಲು ಸಾಕು.

ಯಾವ ಅರ್ಜಿಯನ್ನೂ ಸುಮ್ನೆ ಕೈಗೆ ಕೊಟ್ಟು ಬರಬೇಡಿ. ಎರಡು ಪ್ರತಿ ಒಯ್ಯಿರಿ. ಆಫೀಸಿನಲ್ಲಿ ಆವಕ ರಿಜಿಸ್ಟರಿಗೆ, ಅಂದರೆ ಒಳಗೆ ಬಂದ ಪತ್ರಗಳ ಪುಸ್ತಕಕ್ಕೆ ಏರಿಸಿ, ನಿಮ್ಮ ಪ್ರತಿಯ ಮೇಲೆ ಸೀಲು, ನಂಬರು ಹಾಕಿಸಿಕೊಳ್ಳಿ. "ಸಾಹೇಬ್ರು ಇಲ್ಲ, ಇಟ್ಟ ಹೋಗ್ರಿ" ಅಂದರೆ ನಗುನಗುತ್ತಲೇ ಹೊರಗೆ ಬಂದು, ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕಿ. ಜೊತೆಗೆ ಕಾಲೇಜಿನ ಇಮೇಲಿಗೂ ಕಳಿಸಿ. ಕ್ಲರ್ಕ್ ಜೊತೆ ಮಾತ್ರ ಜಗಳ ಆಡಬೇಡಿ. ಮುಂದೆ ನಿಮ್ಮ ಫೈಲು ಹುಡುಕಿ ಕೊಡುವವರು ಅವರೇ.

ಹಂತ 4: ಉತ್ತರ ಬರೆಯುವುದು

ನಾನು ಓದಿದ ಉತ್ತರಗಳಲ್ಲಿ ಎರಡು ಜಾತಿ ಜಾಸ್ತಿ. ಒಂದು, ಕಾಲಿಗೆ ಬೀಳುವುದು: "ಬಡವರ ಮಗ, ದಯವಿಟ್ಟು ಕ್ಷಮಿಸಿ" ಅಂತ ಎರಡು ಪುಟ. ಏನಾಯಿತು ಅನ್ನುವುದೇ ಇಲ್ಲ. ಇನ್ನೊಂದು, ಯಾರೋ ವಕೀಲರ ಸೋದರಳಿಯ ಬರೆಸಿದ್ದು: ಸಂವಿಧಾನದ ವಿಧಿಗಳ ಸಾಲು, ಕೊನೆಗೆ ಬೆದರಿಕೆ. ಎರಡನ್ನೂ ಸಮಿತಿ ಓದಿ ಪಕ್ಕಕ್ಕೆ ಇಡುತ್ತದೆ.

ಒಂದು ಪುಟ ಸಾಕು. ನೋಟಿಸಿನ ನಂಬರು, ತಾರೀಖು ಮೊದಲ ಸಾಲಿನಲ್ಲಿ. ಆಮೇಲೆ ಆ ದಿನ ನಡೆದದ್ದು ಗಂಟೆಯ ಲೆಕ್ಕದಲ್ಲಿ. ನೋಟಿಸಿನಲ್ಲಿ ಮೂರು ಆರೋಪ ಇದ್ದರೆ ಮೂರಕ್ಕೂ ಬೇರೆ ಬೇರೆ ಉತ್ತರ: ಒಂದನೆಯದು ನಿಜ, ಎರಡನೆಯದು ನಿಜ ಅಲ್ಲ, ಮೂರನೆಯದು ನನಗೆ ಗೊತ್ತಿಲ್ಲ. ಯಾವುದನ್ನಾದರೂ ಬಿಟ್ಟರೆ ಒಪ್ಪಿಕೊಂಡ ಹಾಗೆ ಓದುತ್ತಾರೆ. ಸಾಕ್ಷಿ ಏನಿದೆ, ಯಾರಿದ್ದಾರೆ. ಮೊದಲು ಮುಚ್ಚಳಿಕೆ ಬರೆದುಕೊಟ್ಟಿದ್ದರೆ ಅದನ್ನು ಎಂಥ ಹೊತ್ತಿನಲ್ಲಿ ಬರೆಸಿದರು ಅನ್ನುವುದು ಇಲ್ಲೇ ಬರಬೇಕು. ಮೊದಲ ಸಲ ವಿಚಾರಣೆಯ ದಿನ ಹೇಳಿದರೆ "ಈಗ ಯೋಚನೆ ಮಾಡಿಕೊಂಡು ಬಂದಿದ್ದಾನೆ" ಅನ್ನುತ್ತಾರೆ.

ಕೊನೆಗೆ ಎರಡು ಬೇಡಿಕೆ: ನನ್ನ ಮೇಲೆ ಬಂದ ದೂರಿನ ಪ್ರತಿ ಕೊಡಿ, ನನ್ನ ಮಾತು ಎದುರಿಗೆ ಕೂತು ಕೇಳಿ. ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷಿನಲ್ಲಿ ಬರೆದರೆ ತೂಕ ಬರುತ್ತದೆ ಅನ್ನುವುದು ಭ್ರಮೆ. ಪರರು ಬರೆದುಕೊಟ್ಟ ಇಂಗ್ಲಿಷಿನ ಅರ್ಥ ಸಮಿತಿಯವರು ಕೇಳಿದಾಗ ಹುಡುಗರು ತಬ್ಬಿಬ್ಬಾಗುವುದನ್ನು ನೋಡಿದ್ದೇನೆ.

ಹಂತ 5: ವಿಚಾರಣೆಯ ದಿನ

ಸಮಿತಿ ಅಂದರೆ ಹೆದರುವಂಥದ್ದೇನಲ್ಲ. ಸಾಮಾನ್ಯವಾಗಿ ಇಬ್ಬರು ಮೂವರು ಹಿರಿಯ ಅಧ್ಯಾಪಕರು, ದೈಹಿಕ ಶಿಕ್ಷಣದವರು, ಒಬ್ಬ ಮೇಡಂ, ಬರೆದುಕೊಳ್ಳಲು ಆಫೀಸಿನವರು ಒಬ್ಬರು. ಚಹಾ ಬರುತ್ತದೆ, ಹುಡುಗನಿಗೆ ಕೊಡುವುದೋ ಬೇಡವೋ ಅಂತ ಪ್ಯೂನ್ ಅನುಮಾನಿಸುತ್ತಾನೆ.

ಒಳಗೆ ಹೋದ ಕೂಡಲೇ ಯಾರು ಕೂತಿದ್ದಾರೆ ನೋಡಿ. ದೂರು ಕೊಟ್ಟ ಮೇಷ್ಟ್ರೇ ಸಮಿತಿಯಲ್ಲಿ ಇದ್ದರೆ, ಮಾತು ಶುರುವಾಗುವ ಮೊದಲೇ ಹೇಳಿ, ಬರೆದೂ ಕೊಡಿ. ತನ್ನ ಕೇಸಿಗೆ ತಾನೇ ನ್ಯಾಯಾಧೀಶ ಆಗಬಾರದು ಅನ್ನುವುದು ಹಳೆಯ ನಿಯಮ. ತೀರ್ಪು ಬಂದ ಮೇಲೆ ಹೇಳಿದರೆ "ಆಗ ಯಾಕೆ ಸುಮ್ಮನಿದ್ದೆ?" ಅನ್ನುತ್ತಾರೆ.

ಪಾಲಕರನ್ನು ಕರೆದುಕೊಂಡು ಹೋಗಿ. ವಕೀಲರನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಅಪ್ಪ ಅವ್ವನಿಗೆ ಒಂದು ಮಾತು: ಅಲ್ಲಿ ಮಗನಿಗೆ ಕಪಾಳಕ್ಕೆ ಹೊಡೆದು ತೋರಿಸಬೇಡ್ರಿ. ಹೊಡೆದರೆ ಸಮಿತಿಯವರು ಕರಗುತ್ತಾರೆ ಅಂದುಕೊಂಡು ಎಷ್ಟೋ ಜನ ಹಾಗೆ ಮಾಡುತ್ತಾರೆ. ನಮಗೆ ಆಗ ಅನಿಸುತ್ತಿದ್ದದ್ದು ಒಂದೇ, "ಇವರೇ ತಪ್ಪು ಅಂತ ಒಪ್ಪಿಕೊಂಡರಲ್ಲ."

ಸಾಕ್ಷಿಗಳನ್ನು ನಾನೇ ಎದುರಿಗೆ ಪ್ರಶ್ನೆ ಮಾಡುತ್ತೇನೆ ಅಂತ ಹಟ ಹಿಡಿಯುವವರಿದ್ದಾರೆ. ಅದು ಎಲ್ಲ ಕೇಸಿನಲ್ಲೂ ಸಿಗುವ ಹಕ್ಕಲ್ಲ. 1973ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ರಾಂಚಿಯ ಮೆಡಿಕಲ್ ಕಾಲೇಜಿನ ಕೇಸು ಬಂದಿತ್ತು. ಹುಡುಗಿಯರ ಹಾಸ್ಟೆಲ್ ಆವರಣಕ್ಕೆ ರಾತ್ರಿ ನುಗ್ಗಿದ ಆರೋಪ. ಹುಡುಗಿಯರ ಹೇಳಿಕೆಗಳನ್ನು ಆರೋಪಿಗಳಿಲ್ಲದಾಗ ತೆಗೆದುಕೊಂಡಿದ್ದರು. ಅದು ಅನ್ಯಾಯ ಅನ್ನುವ ವಾದವನ್ನು ಕೋರ್ಟ್ ಒಪ್ಪಲಿಲ್ಲ. ಎದುರಿಗೆ ನಿಲ್ಲಿಸಿದರೆ ಆ ಹುಡುಗಿಯರಿಗೆ ಮುಂದೆ ತೊಂದರೆ ಆಗಬಹುದಿತ್ತು. ಆದ್ದರಿಂದ ನಿಮ್ಮ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ಸಮಿತಿಗೆ ಕೊಡಿ, "ಇವನ್ನು ಸಾಕ್ಷಿಗೆ ಕೇಳಿ" ಅಂತ ವಿನಂತಿಸಿ. ಅದು ಫೈಲಿಗೆ ಸೇರುತ್ತದೆ. ಕೇಳದೆ ಬಿಟ್ಟರೆ ಅಪೀಲಿನಲ್ಲಿ ಅದೇ ಕೆಲಸಕ್ಕೆ ಬರುತ್ತದೆ.

ನಡಾವಳಿಗೆ, ಅಂದರೆ ವಿಚಾರಣೆಯಲ್ಲಿ ಆದ ಮಾತು ಬರೆದುಕೊಂಡ ಕಾಗದಕ್ಕೆ, ಸಹಿ ಮಾಡುವ ಮೊದಲು ಓದಿ. ನಿಧಾನವಾಗಿ ಓದಿ, ಹೊತ್ತಾಯಿತು ಅಂದರೂ ಓದಿ. ನೀವು "ನೆನಪಿಲ್ಲ" ಅಂದದ್ದು ಅಲ್ಲಿ "ನಿರಾಕರಿಸಲಿಲ್ಲ" ಆಗಿರಬಹುದು. ತಪ್ಪಿದ್ದರೆ ಸಹಿಯ ಮೇಲೆಯೇ "ನಾಲ್ಕನೇ ಉತ್ತರ ನಾನು ಹೇಳಿದಂತೆ ಇಲ್ಲ" ಅಂತ ಬರೆದು ಸಹಿ ಮಾಡಿ.

ಪರೀಕ್ಷೆಯ ಚೀಟಿ: ಇದರ ಲೆಕ್ಕವೇ ಬೇರೆ

ಹಾಲ್‌ನಲ್ಲಿ ಸ್ಕ್ವಾಡ್ ಬಂದು ಚೀಟಿ ಹಿಡಿದರೆ ಉತ್ತರ ಪತ್ರಿಕೆ ಮತ್ತು ಚೀಟಿ ಎರಡನ್ನೂ ತೆಗೆದುಕೊಳ್ಳುತ್ತಾರೆ. ಒಂದು ವರದಿ ತಯಾರಾಗುತ್ತದೆ, ನಿಮ್ಮ ಹೇಳಿಕೆ ಬರೆಸುತ್ತಾರೆ. ಇಲ್ಲೂ ಅದೇ ಮಾತು: ಹೇಳಿಕೆ ನಿಮ್ಮದಾಗಿರಲಿ. ಚೀಟಿ ಎಲ್ಲಿ ಸಿಕ್ಕಿತು ಅನ್ನುವುದು ಎಲ್ಲಕ್ಕಿಂತ ಮುಖ್ಯ. ಜೇಬಿನಲ್ಲೋ, ಪ್ಯಾಡಿನ ಕೆಳಗೋ, ಬೆಂಚಿನ ಕೆಳಗೆ ನೆಲದ ಮೇಲೋ? ಕೈಬರಹ ನಿಮ್ಮದೋ ಅಲ್ಲವೋ? ಅದರಲ್ಲಿ ಇರುವುದು ಆ ದಿನದ ವಿಷಯದ್ದೋ ಬೇರೆಯದೋ? ಅದರಿಂದ ಬರೆದಿದ್ದೀರೋ ಇಲ್ಲವೋ? ನಾಲ್ಕನ್ನೂ ಬರೆಯಿರಿ. ಚೀಟಿಯ ಮೇಲೆ ಸಹಿ ಕೇಳಿದರೆ "ನನ್ನ ಎದುರಿಗೆ ನೆಲದ ಮೇಲಿಂದ ತೆಗೆದದ್ದು" ಅಂತ ಸೇರಿಸಿ ಸಹಿ ಮಾಡಿ. ಮೊಬೈಲ್ ಸಿಕ್ಕಿದ್ದರೆ ಅದು ಆಫ್ ಇತ್ತೋ ಆನ್ ಇತ್ತೋ ಬರೆಯಿರಿ. ಉತ್ತರ ನೋಡಿದ್ದಕ್ಕೂ ಮರೆತು ಜೇಬಿನಲ್ಲಿ ಇಟ್ಟುಕೊಂಡು ಬಂದದ್ದಕ್ಕೂ ವ್ಯತ್ಯಾಸ ಇದೆ. ಆದರೆ ಎರಡೂ ನಿಯಮ ಮುರಿದದ್ದೇ.

ಆ ಪೇಪರ್ ಹೋಯಿತು ಅಂತ ಉಳಿದ ಪೇಪರ್ ಬಿಟ್ಟು ಮನೆಗೆ ಹೋಗಬೇಡಿ. ಬರೆಯಬೇಡ ಅಂತ ಕಾಗದದಲ್ಲಿ ಆದೇಶ ಇಲ್ಲದಿದ್ದರೆ ಹಾಲ್ ಟಿಕೆಟ್ ಹಿಡಿದು ಮರುದಿನವೂ ಹೋಗಿ ಕೂರಿ. ಇದು ನಾನು ಕಂಡ ದೊಡ್ಡ ನಷ್ಟ. ಒಂದು ಪೇಪರಿನ ಕೇಸಿಗೆ ನಾಚಿಕೊಂಡು ಇಡೀ ಸೆಮಿಸ್ಟರ್ ಬಿಟ್ಟವರಿದ್ದಾರೆ.

ಆಮೇಲೆ ರಿಸಲ್ಟ್ ಬಂದಾಗ ನಿಮ್ಮ ಹೆಸರಿನ ಎದುರಿಗೆ ತಡೆಹಿಡಿಯಲಾಗಿದೆ ಅಂತ ಇರುತ್ತದೆ. ವಿಶ್ವವಿದ್ಯಾಲಯದ ಸಮಿತಿಯಿಂದ ಪತ್ರ ಬರುತ್ತದೆ. ಬರುವುದು ಕಾಲೇಜಿನ ಮೂಲಕ, ಆದ್ದರಿಂದ ವಾರಕ್ಕೊಮ್ಮೆ ಆಫೀಸಿನಲ್ಲಿ ವಿಚಾರಿಸುತ್ತಿರಿ. ಆ ಸಮಿತಿಯ ಮುಂದೆ ಹೋಗುವುದನ್ನು ತಪ್ಪಿಸಬೇಡಿ. ವಿದ್ಯಾರ್ಥಿಯ ಮಾತು ಕೇಳದೆ ಫಲಿತಾಂಶ ರದ್ದು ಮಾಡುವಂತಿಲ್ಲ ಅಂತ ಉತ್ತರ ಪ್ರದೇಶದ ಪರೀಕ್ಷಾ ಮಂಡಳಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿದೆ. ಆದರೆ ಇಡೀ ಕೇಂದ್ರದಲ್ಲಿ ಸಾಮೂಹಿಕ ನಕಲು ನಡೆದರೆ ಒಬ್ಬೊಬ್ಬರನ್ನೂ ಕರೆದು ಕೇಳಬೇಕಾಗಿಲ್ಲ ಅಂತಲೂ 1970ರಲ್ಲಿ ಬಿಹಾರದ ಕೇಸಿನಲ್ಲಿ ಹೇಳಿದೆ. ಎರಡನ್ನೂ ನೆನಪಿಡಿ.

ಅಂದ ಹಾಗೆ, ಚೀಟಿ ಸಿಕ್ಕರೆ ಕೋಟಿ ರೂಪಾಯಿ ದಂಡ, ಹತ್ತು ವರ್ಷ ಜೈಲು ಅಂತ ಧಾರವಾಡದ ಸಪ್ತಾಪುರದ ಕೋಚಿಂಗ್ ಸೆಂಟರುಗಳ ಕಡೆಯಿಂದ ಒಂದು ಸುದ್ದಿ ಓಡಾಡುತ್ತಿರುತ್ತದೆ. ಅಂಥ ದೊಡ್ಡ ಶಿಕ್ಷೆಯ 2023ರ ರಾಜ್ಯದ ಕಾಯ್ದೆ ಸರ್ಕಾರಿ ನೇಮಕಾತಿ ಪರೀಕ್ಷೆಗಳದ್ದು. ನಿಮ್ಮ ಸೆಮಿಸ್ಟರಿನ ಚೀಟಿ ಅದರಡಿ ಬರುವುದಿಲ್ಲ. ಬೇರೆಯವರ ಹೆಸರಿನಲ್ಲಿ ಕೂತು ಬರೆದರೆ ಮಾತ್ರ ಅದು ಕಾಲೇಜಿನ ಕೈ ದಾಟಿ ಪೊಲೀಸರ ಹತ್ತಿರ ಹೋಗುತ್ತದೆ.

ರ‍್ಯಾಗಿಂಗ್ ಮತ್ತು ಕಿರುಕುಳದ ದೂರುಗಳು

ಅಡ್ಮಿಷನ್ ಹೊತ್ತಿಗೆ ನೀವೂ ನಿಮ್ಮ ಪಾಲಕರೂ ರ‍್ಯಾಗಿಂಗ್ ಮಾಡುವುದಿಲ್ಲ ಅಂತ ಪ್ರಮಾಣಪತ್ರ ಕೊಟ್ಟಿರುತ್ತೀರಿ. ಅದು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2009ರ ನಿಯಮ. ಅದರ ಪ್ರಕಾರ ಕ್ಲಾಸಿನಿಂದ, ಹಾಸ್ಟೆಲ್ಲಿನಿಂದ ಸಸ್ಪೆಂಡ್ ಮಾಡಬಹುದು, ಸ್ಕಾಲರ್‌ಶಿಪ್ ನಿಲ್ಲಿಸಬಹುದು, ಪರೀಕ್ಷೆಗೆ ಡಿಬಾರ್ ಮಾಡಬಹುದು, ಒಂದರಿಂದ ನಾಲ್ಕು ಸೆಮಿಸ್ಟರ್ ತನಕ ಹೊರಗಿಡಬಹುದು, ಅಡ್ಮಿಷನ್ನನ್ನೇ ರದ್ದು ಮಾಡಬಹುದು. ಯಾರು ಮಾಡಿದರು ಅಂತ ಗೊತ್ತಾಗದಿದ್ದರೆ ಗುಂಪಿಗೇ ಶಿಕ್ಷೆ ಕೊಡಲೂ ಅವಕಾಶ ಇದೆ. ಹಾಗಾಗಿ ಜೂನಿಯರ್ ಒಬ್ಬನನ್ನು ಕುಣಿಸುವಾಗ ಪಕ್ಕದಲ್ಲಿ ನಿಂತು ನಕ್ಕರೆ "ನಾ ಏನೂ ಮಾಡಿಲ್ರೀ" ಅನ್ನುವುದು ನಡೆಯುವುದಿಲ್ಲ. ಅಪರಾಧದ ಮಟ್ಟಕ್ಕೆ ಹೋದರೆ ಕಾಲೇಜು 24 ಗಂಟೆಯೊಳಗೆ ಪೊಲೀಸರಿಗೆ ದೂರು ಕೊಡಬೇಕು. ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲೂ ರ‍್ಯಾಗಿಂಗ್‌ಗೆ ಒಂದು ವರ್ಷದ ತನಕ ಜೈಲು ಇದೆ. ತೊಂದರೆಗೆ ಒಳಗಾದವರು 1800-180-5522ಕ್ಕೆ ಫೋನ್ ಮಾಡಬಹುದು.

ಲೈಂಗಿಕ ಕಿರುಕುಳಕ್ಕೆ ಯುಜಿಸಿಯ 2015ರ ನಿಯಮ. ಘಟನೆ ಆದ ಮೂರು ತಿಂಗಳೊಳಗೆ ಬರಹದಲ್ಲಿ ದೂರು ಕೊಡಬೇಕು. ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು. ಏಳು ದಿನದೊಳಗೆ ದೂರಿನ ಪ್ರತಿ ಎದುರಿನವರಿಗೆ ಹೋಗುತ್ತದೆ, ಹತ್ತು ದಿನದೊಳಗೆ ಅವರು ಉತ್ತರ ಕೊಡಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ವಿದ್ಯಾರ್ಥಿಗಳ ವಿಷಯವಾದರೆ ಸಮಿತಿಯಲ್ಲಿ ವಿದ್ಯಾರ್ಥಿ ಸದಸ್ಯರೂ ಇರುತ್ತಾರೆ. ದೂರು ಕೊಟ್ಟ ತಂಗಿಗೆ ಒಂದು ಸಲಹೆ: "ಹೋಗಲಿ ಬಿಡವ್ವಾ, ಹೆಸರು ಕೆಡತದ" ಅಂತ ಹಿತವಾಗಿ ಮಾತಾಡಿ ದೂರು ವಾಪಸ್ ತೆಗೆಸಲು ಬರುವವರು ಇರುತ್ತಾರೆ. ಅಂಥ ಮಾತು ಯಾರು, ಯಾವ ದಿನ ಆಡಿದರು ಅಂತ ಬರೆದಿಟ್ಟುಕೋ. ಎರಡೂ ಕಡೆಯವರಿಗೆ ಇನ್ನೊಂದು: ಹೆಸರು, ಸ್ಕ್ರೀನ್‌ಶಾಟ್ ಯಾವುದನ್ನೂ ಗ್ರೂಪುಗಳಲ್ಲಿ ಹಾಕಬೇಡಿ. ಗುಟ್ಟು ಕಾಯುವುದು ನಿಯಮದಲ್ಲೇ ಇದೆ.

ಹಂತ 6: ಆದೇಶ, ಮತ್ತು "ಸ್ವಂತ ಇಚ್ಛೆ"ಯ ಟಿಸಿ

ಎಚ್ಚರಿಕೆ, ದಂಡ, ಸಸ್ಪೆನ್ಷನ್, ಡಿಬಾರ್, ಟಿಸಿ. ಶಿಕ್ಷೆಯ ಮೆಟ್ಟಿಲುಗಳು ಇವು. ಆದೇಶ ಕಾಗದದಲ್ಲಿ ಇರಬೇಕು, ಕಾರಣ ಬರೆದಿರಬೇಕು. ಕಾರಣ ಇಲ್ಲದ ಆದೇಶ ಅಪೀಲಿನಲ್ಲಿ ಬೇಗ ಬೀಳುತ್ತದೆ.

ಮೊದಲ ಬಲೆ ಮುಚ್ಚಳಿಕೆಯಾದರೆ ಎರಡನೆಯದು ಇಲ್ಲಿದೆ. ಅಪ್ಪನನ್ನು ಕರೆಸಿ, "ಡಿಬಾರ್ ಮಾಡಿದ್ರ ಹುಡುಗನ ಭವಿಷ್ಯ ಹಾಳಾಕ್ಕತಿ, ನೀವ ಟಿಸಿಗೆ ಅರ್ಜಿ ಕೊಟ್ಟ್ ಬಿಡ್ರಿ" ಅನ್ನುತ್ತಾರೆ. ಅಪ್ಪ "ಸ್ವಂತ ಇಚ್ಛೆಯಿಂದ" ಅಂತ ಬರೆದು ಸಹಿ ಹಾಕುತ್ತಾನೆ. ಆಮೇಲೆ ಅಪೀಲು ಮಾಡಲು ಆದೇಶವೇ ಇರುವುದಿಲ್ಲ. ಕಾಲೇಜು ನಿಮ್ಮನ್ನು ತೆಗೆಯಲೇ ಇಲ್ಲವಲ್ಲ! ಕೆಲವೊಮ್ಮೆ ಇದು ಒಳ್ಳೆಯ ದಾರಿಯೇ ಆಗಿರುತ್ತದೆ, ಅದನ್ನೂ ಹೇಳಬೇಕು. ತಪ್ಪು ದೊಡ್ಡದು, ಬೇರೆ ಕಾಲೇಜಿನಲ್ಲಿ ಸೀಟು ಸಿಗುತ್ತದೆ ಅಂದಾಗ ಕಪ್ಪು ಗುರುತಿಲ್ಲದ ಟಿಸಿ ಲಾಭವೇ. ಆದರೆ ಮಧ್ಯದ ಸೆಮಿಸ್ಟರಿನಲ್ಲಿ ಮತ್ತೊಂದು ಕಾಲೇಜು ಸೇರಿಸಿಕೊಳ್ಳುತ್ತದೋ ಇಲ್ಲವೋ ಅಂತ ವಿಚಾರಿಸಿಕೊಂಡ ಮೇಲೆ ಸಹಿ ಮಾಡಿ. ಒಂದು ರಾತ್ರಿ ಸಮಯ ಕೇಳಿ. ಕೊಡದಿದ್ದರೆ ಅಲ್ಲೇ ಏನೋ ಅವಸರ ಇದೆ ಅಂತ ತಿಳಿಯಿರಿ.

ಎಸ್ಸೆಸ್ಸೆಲ್ಸಿ, ಪಿಯುಸಿ ಮೂಲ ಅಂಕಪಟ್ಟಿಗಳನ್ನು ಹಿಡಿದಿಟ್ಟುಕೊಂಡು "ದಂಡ ಕಟ್ಟಿದರೆ ಕೊಡುತ್ತೇವೆ" ಅನ್ನುವುದು ಸರಿಯಲ್ಲ. ಮೂಲ ದಾಖಲೆ ಕಾಲೇಜು ಇಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ.

ಹಂತ 7: ಮೇಲೆ ಹೋಗುವುದು

ಮೊದಲು ಪ್ರಾಂಶುಪಾಲರಿಗೇ ಮರುಪರಿಶೀಲನೆ ಅರ್ಜಿ, ಆಮೇಲೆ ಆಡಳಿತ ಮಂಡಳಿ ಅಥವಾ ವಿಶ್ವವಿದ್ಯಾಲಯ. ಸರ್ಕಾರಿ ಕಾಲೇಜಾದರೆ ಧಾರವಾಡದಲ್ಲಿರುವ ಕಾಲೇಜು ಶಿಕ್ಷಣ ಇಲಾಖೆಯ ಜಂಟಿ ನಿರ್ದೇಶಕರ ಕಚೇರಿ. ರ‍್ಯಾಗಿಂಗ್ ಆದೇಶದ ಮೇಲಿನ ಅಪೀಲು ಸಂಯೋಜಿತ ಕಾಲೇಜಿನವರಿಗೆ ಕುಲಪತಿಗಳ ಹತ್ತಿರ. ಆಂತರಿಕ ದೂರು ಸಮಿತಿಯ ಶಿಫಾರಸಿನ ಮೇಲೆ 30 ದಿನದೊಳಗೆ.

ದಾಖಲೆ ಕೊಡುತ್ತಿಲ್ಲ, ನಿಯಮ ಬಿಟ್ಟು ನಡೆದಿದ್ದಾರೆ ಅನ್ನುವಂಥ ದೂರಿಗೆ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇದೆ. ಯುಜಿಸಿಯ 2023ರ ನಿಯಮದ ಪ್ರಕಾರ ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಒಪ್ಪಿಗೆ ಆಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್, ಅಂದರೆ ವಿದ್ಯಾರ್ಥಿಗಳ ಅಪೀಲು ಕೇಳುವವರ ಬಳಿ ಹೋಗಬಹುದು. ಆ ಕುರ್ಚಿಯಲ್ಲಿ ನಿವೃತ್ತ ಕುಲಪತಿಯೋ, ನಿವೃತ್ತ ಪ್ರಾಧ್ಯಾಪಕರೋ, ಮಾಜಿ ಜಿಲ್ಲಾ ನ್ಯಾಯಾಧೀಶರೋ ಇರುತ್ತಾರೆ. ನಮ್ಮ ಕಡೆ ಹುಡುಗರು ಈ ಬಾಗಿಲನ್ನು ಬಳಸುವುದು ತೀರಾ ಕಡಿಮೆ.

ಕಾಗದ ಸಿಗದಿದ್ದರೆ ಮಾಹಿತಿ ಹಕ್ಕು ಇದೆ. ಸರ್ಕಾರಿ, ಅನುದಾನಿತ ಕಾಲೇಜು ಮತ್ತು ವಿಶ್ವವಿದ್ಯಾಲಯಕ್ಕೆ 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಕಥೆ ಬರೆಯದೆ "ಇಂಥ ತಾರೀಖಿನ ಶಿಸ್ತು ಸಮಿತಿಯ ನಡಾವಳಿಯ ದೃಢೀಕೃತ ಪ್ರತಿ" ಅಂತ ಕೇಳಿ.

ಇವೆಲ್ಲ ಆದ ಮೇಲೆ, ಅಥವಾ ಪರೀಕ್ಷೆ ಹತ್ತಿರ ಬಂದು ಬೇರೆ ದಾರಿ ಇಲ್ಲದಾಗ, ಹೈಕೋರ್ಟ್. ಮೊದಲು ಇದಕ್ಕೆ ಬೆಂಗಳೂರಿಗೆ ರಾತ್ರಿ ಬಸ್ಸು ಹಿಡಿಯಬೇಕಿತ್ತು. 2008ರಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಈಗ ಗದಗಿನವರೂ ಹಾವೇರಿಯವರೂ ಬೆಳಿಗ್ಗೆ ಹೋಗಿ ಸಂಜೆ ಊರಿಗೆ ಬರಬಹುದು. ರಿಟ್ ಅರ್ಜಿಯಲ್ಲಿ ಕೋರ್ಟ್ ನೋಡುವುದು ಹುಡುಗ ಒಳ್ಳೆಯವನೋ ಕೆಟ್ಟವನೋ ಅಂತಲ್ಲ. ನೋಟಿಸ್ ಕೊಟ್ಟರೋ, ಮಾತು ಕೇಳಿದರೋ, ಕಾರಣ ಬರೆದರೋ, ಅಷ್ಟು. ನೀವು ಆವಕ ಸೀಲು ಹಾಕಿಸಿ ಇಟ್ಟ ಕಾಗದಗಳು ಮಾತಾಡುವುದು ಅಲ್ಲಿ. ವಕೀಲರ ಖರ್ಚು ಹೇಗೆ ಅನ್ನುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿ ಇಲ್ಲದೆ ಉಚಿತ ನೆರವು ಸಿಗುತ್ತದೆ.

ಎಲ್ಲ ಮುಗಿದ ಮೇಲೆ

ಕುಂದಗೋಳದ ಹುಡುಗನ ಮೇಲಿನ ಗಾಜಿನ ಆರೋಪವನ್ನು ಸಮಿತಿ ಕೈಬಿಟ್ಟಿತು. ಉಳಿದ ನಾಲ್ವರು ಗಾಜಿನ ದುಡ್ಡು ಹಂಚಿಕೊಂಡು ಕಟ್ಟಿದರು. ವಿಷಯ ಮುಗೀತು ಅಂತ ಎಲ್ಲರೂ ಮರೆತರು. ಡಿಗ್ರಿ ಮುಗಿಸಿದ ಮೇಲೆ ನಡತೆ ಪ್ರಮಾಣಪತ್ರ ತೆಗೆದುಕೊಳ್ಳಲು ಬಂದಾಗ, ಹೊಸದಾಗಿ ಬಂದಿದ್ದ ಕ್ಲರ್ಕ್ ಫೈಲು ತೆರೆದು ಅವನ ಹಳೆಯ ಮುಚ್ಚಳಿಕೆ ನೋಡಿ ಪೆನ್ನು ಕೆಳಗಿಟ್ಟ. ಆರೋಪ ಕೈಬಿಟ್ಟ ಠರಾವು (ಸಮಿತಿಯ ನಿರ್ಣಯ) ಬೇರೆ ಫೈಲಿನಲ್ಲಿತ್ತು. ಅದರ ಪ್ರತಿ ಹುಡುಗನ ಹತ್ತಿರ ಇರಲಿಲ್ಲ. ನಾನು ಇನ್ನೂ ಅದೇ ಕಾಲೇಜಿನಲ್ಲಿ ಇದ್ದೆ, ಹುಡುಕಿಸಿ ತೆಗೆಸಿದೆ. ಎರಡು ದಿನ ಹಿಡಿಯಿತು.

ಕೇಸು ಬಿದ್ದುಹೋದರೂ, ಶಿಕ್ಷೆ ಮುಗಿದರೂ, ಅಂತಿಮ ಆದೇಶದ ಪ್ರತಿ, ದಂಡ ಕಟ್ಟಿದ ರಸೀದಿ, ಮರಳಿ ಕ್ಲಾಸಿಗೆ ಸೇರಿಸಿಕೊಂಡ ಪತ್ರ, ಈ ಮೂರನ್ನೂ ಕೇಳಿ ಪಡೆಯಿರಿ. ಮೂರಕ್ಕೂ ಸೀಲು ಇದೆಯಾ ನೋಡಿ, ಮಾರ್ಕ್ಸ್ ಕಾರ್ಡು ಇಡುವ ಫೈಲಿನಲ್ಲೇ ಇಡಿ.